ಹತ್ತು ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲಿಗೆ ಯಾವ ಪೆಲೆಟ್ ಕೊಳ್ಳಬೇಕು?

ಬೆಂಗಳೂರಿನ ಶೂಟಿಂಗ್ ರೇಂಜ್‌ಗಳಿಗೆ ಹೊಸದಾಗಿ ಸೇರಿದವರು, ಅದರಲ್ಲೂ ಮಕ್ಕಳನ್ನು ಸೇರಿಸಿದ ತಂದೆ ತಾಯಂದಿರು, ಯಾವ ಗನ್ ಎಂಬ ಪ್ರಶ್ನೆಯನ್ನು ತರಬೇತುದಾರರಿಗೆ ಬಿಟ್ಟುಕೊಡುತ್ತಾರೆ. ಆದರೆ ಪೆಲೆಟ್ (ಗನ್‌ಗೆ ತುಂಬುವ ಪುಟ್ಟ ಲೋಹದ ಗುಂಡು) ಡಬ್ಬಿ ಕೊಳ್ಳುವ ಹೊತ್ತಿಗೆ ಪ್ರತಿ ತಿಂಗಳೂ ತಾವೇ ತೀರ್ಮಾನಿಸಬೇಕಾಗುತ್ತದೆ. ಅಂಗಡಿಯ ಒಂದೇ ಕಪಾಟಿನಲ್ಲಿ ದೇಶದಲ್ಲೇ ತಯಾರಾದ ಅಗ್ಗದ ಡಬ್ಬಿಯೂ ಇರುತ್ತದೆ, ಅದರ ಹಲವು ಪಟ್ಟು ಬೆಲೆಯ ಜರ್ಮನಿಯ ಮ್ಯಾಚ್, ಅಂದರೆ ಸ್ಪರ್ಧಾ ದರ್ಜೆಯ, ಪೆಲೆಟ್ಟೂ ಇರುತ್ತದೆ, ನಡುವೆ ಏಳೆಂಟು ಬಗೆಗಳಿರುತ್ತವೆ. ಡಬ್ಬಿಯ ಮೇಲೆ 4.49, 4.50 ಎಂಬ ಅಂಕಿಗಳು, 0.45 ಗ್ರಾಂ, 0.53 ಗ್ರಾಂ ಎಂಬ ತೂಕಗಳು. ದುಬಾರಿಯದನ್ನು ಕೊಂಡರೆ ಅಂಕ ಏರುತ್ತದೆಯೇ, ಅಗ್ಗದ್ದನ್ನು ಕೊಂಡರೆ ಮಗುವಿನ ಕಲಿಕೆ ಕೆಡುತ್ತದೆಯೇ ಎಂಬ ಎರಡು ಆತಂಕಗಳ ನಡುವೆ ಜನ ಸಿಕ್ಕಿಕೊಳ್ಳುತ್ತಾರೆ.

ಪೆಲೆಟ್‌ನ ಆಯ್ಕೆ ಬ್ರ್ಯಾಂಡಿನಿಂದ ಶುರುವಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ನೀವು ಹೊಡೆಯುವ ಗುರಿಹಲಗೆ ಎಷ್ಟು ನಿಖರತೆಯನ್ನು ಕೇಳುತ್ತದೆ, ನಿಮ್ಮ ಕೈ ಸದ್ಯಕ್ಕೆ ಎಷ್ಟು ನಿಖರತೆಯನ್ನು ಕೊಡುತ್ತಿದೆ, ನಿಮ್ಮ ಬ್ಯಾರೆಲ್ ಯಾವ ಪೆಲೆಟ್ ಅನ್ನು ಒಪ್ಪುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿಕೊಂಡರೆ ಬ್ರ್ಯಾಂಡಿನ ಹೆಸರು ಕೊನೆಯಲ್ಲಿ ತಾನಾಗಿ ಬರುತ್ತದೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಏರ್ ರೈಫಲ್ ಚಿನ್ನ ಗೆದ್ದಾಗ, 2013ರಲ್ಲಿ ಬೆಂಗಳೂರಿನವರೇ ಆದ ಪ್ರಕಾಶ್ ನಂಜಪ್ಪ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲಿನ ಕಂಚು ಗೆದ್ದಾಗ, 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಪದಕ ಗೆದ್ದಾಗ, ಅವರು ಯಾವ ಪೆಲೆಟ್ ಬಳಸಿದರು ಎಂದು ವಿಚಾರಿಸುವುದು ಸಹಜ. ಆದರೆ ಆ ಉತ್ತರ ನಿಮ್ಮ ಬ್ಯಾರೆಲ್‌ಗೆ ಅನ್ವಯಿಸುವುದಿಲ್ಲ. ಆ ಮಟ್ಟದ ಶೂಟರ್‌ಗಳು ತಮ್ಮ ಗನ್‌ನಲ್ಲೇ ಪರೀಕ್ಷಿಸಿ ಆರಿಸಿದ ಒಂದು ನಿರ್ದಿಷ್ಟ ಲಾಟ್ ಅನ್ನು (ಕಾರ್ಖಾನೆಯಲ್ಲಿ ಒಂದೇ ಸಲಕ್ಕೆ ತಯಾರಾದ ಪೆಲೆಟ್‌ಗಳನ್ನು) ಬಳಸುತ್ತಾರೆ, ಆ ಲಾಟ್ ಅಂಗಡಿಯಲ್ಲಿ ನಿಮ್ಮ ಕೈಗೆ ಸಿಗುವುದಿಲ್ಲ.

ಗುರಿಹಲಗೆ ಕೇಳುವುದು ಎಷ್ಟು

ಪೆಲೆಟ್‌ನ ವ್ಯಾಸ 4.5 ಮಿ.ಮೀ. ಏರ್ ರೈಫಲ್‌ನ ಗುರಿಹಲಗೆಯಲ್ಲಿ ಹತ್ತರ ವಲಯವೆಂದರೆ ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಏರ್ ಪಿಸ್ತೂಲಿನಲ್ಲಿ ಅದು 11.5 ಮಿ.ಮೀ. ಅಗಲದ ವೃತ್ತ. ಪೆಲೆಟ್‌ನ ಅಂಚು ವಲಯದ ಗೆರೆಯನ್ನು ಮುಟ್ಟಿದರೂ ಆ ಅಂಕ ಸಿಗುವುದರಿಂದ, ರೈಫಲ್‌ನಲ್ಲಿ ಪೆಲೆಟ್‌ನ ನಡುಬಿಂದು ಗುರಿಯ ನಡುಬಿಂದುವಿನಿಂದ 2.5 ಮಿ.ಮೀ. ಒಳಗಿದ್ದರೆ ಹತ್ತು, ಪಿಸ್ತೂಲಿನಲ್ಲಿ 8 ಮಿ.ಮೀ. ಒಳಗಿದ್ದರೆ ಹತ್ತು. ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ. ಅರ್ಹತಾ ಸುತ್ತಿನ ಅರವತ್ತು ಹೊಡೆತಗಳನ್ನು ರೈಫಲ್‌ನಲ್ಲಿ ದಶಮಾಂಶದಲ್ಲಿ ಎಣಿಸುತ್ತಾರೆ, ಅಂದರೆ ಹತ್ತರ ಒಳಗೂ 10.0ರಿಂದ 10.9ರವರೆಗೆ ಮೆಟ್ಟಿಲುಗಳಿವೆ ಮತ್ತು ಒಂದೊಂದು ಮೆಟ್ಟಿಲಿನ ಅಗಲ ಕೇವಲ ಕಾಲು ಮಿಲಿಮೀಟರ್. ಪಿಸ್ತೂಲಿನಲ್ಲಿ ಅರ್ಹತಾ ಸುತ್ತು ಪೂರ್ಣಾಂಕಗಳಲ್ಲೇ ನಡೆಯುತ್ತದೆ. ಫೈನಲ್‌ನಲ್ಲಿ ಮಾತ್ರ ದಶಮಾಂಶ, ಅಲ್ಲಿಯೂ ಒಂದು ಮೆಟ್ಟಿಲು 0.8 ಮಿ.ಮೀ. ಇರುತ್ತದೆ.

ಹೀಗಾಗಿ ಒಂದು ಪೆಲೆಟ್ ತನ್ನ ದೋಷದಿಂದ ಒಂದು ಮಿಲಿಮೀಟರ್ ಆಚೆ ಬಿದ್ದರೆ ರೈಫಲ್‌ನವರು 0.4 ಅಂಕದವರೆಗೆ ಕಳೆದುಕೊಳ್ಳಬಹುದು, ಪಿಸ್ತೂಲಿನವರಿಗೆ ಬಹುತೇಕ ಏನೂ ಆಗುವುದಿಲ್ಲ. ಒಂದೇ ಮನೆಯಲ್ಲಿ ಅಕ್ಕ ರೈಫಲ್, ತಮ್ಮ ಪಿಸ್ತೂಲು ಕಲಿಯುತ್ತಿದ್ದರೆ ಇಬ್ಬರಿಗೂ ಒಂದೇ ಬೆಲೆಯ ಪೆಲೆಟ್ ಕೊಡಿಸುವುದು ನ್ಯಾಯವೆಂದು ಕಾಣಬಹುದು. ಆದರೆ ಹೆಚ್ಚಿನ ಹಣ ರೈಫಲ್‌ನ ಕಡೆಗೆ ಹೋಗುವುದೇ ಸರಿ.

ಎರಡನೆಯ ಪ್ರಶ್ನೆ, ನಿಮ್ಮ ಕೈಯದು. ಶೂಟರ್‌ನ ಚದುರುವಿಕೆ ಮತ್ತು ಪೆಲೆಟ್‌ನ ಚದುರುವಿಕೆ ನೇರವಾಗಿ ಕೂಡಿಕೊಳ್ಳುವುದಿಲ್ಲ. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದಾಗ ಬರುವುದೇ ಒಟ್ಟು ಚದುರುವಿಕೆ. ಕಲಿಯಲು ಆರಂಭಿಸಿದವರ ಕೈ 20 ಮಿ.ಮೀ. ಚದುರಿಸುತ್ತಿದ್ದು, ಪೆಲೆಟ್ ತನ್ನ ಪಾಲಿಗೆ 4 ಮಿ.ಮೀ. ಚದುರಿಸಿದರೆ ಒಟ್ಟು 24 ಆಗುವುದಿಲ್ಲ, ಸುಮಾರು 20.4 ಆಗುತ್ತದೆ. ಅಂದರೆ ಲೋಕದ ಅತ್ಯುತ್ತಮ ಪೆಲೆಟ್ ತಂದರೂ ಅವರಿಗೆ ಉಳಿಯುವುದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದೇ ಪೆಲೆಟ್ ಅನ್ನು 4 ಮಿ.ಮೀ. ಒಳಗೆ ಹೊಡೆಯಬಲ್ಲ ಅನುಭವಿಯ ಕೈಗೆ ಕೊಟ್ಟರೆ ಒಟ್ಟು 5.7 ಮಿ.ಮೀ. ಆಗುತ್ತದೆ, 2 ಮಿ.ಮೀ. ಚದುರುವ ಪೆಲೆಟ್ ಕೊಟ್ಟರೆ 4.5ಕ್ಕೆ ಇಳಿಯುತ್ತದೆ. ಉತ್ತಮ ಪೆಲೆಟ್‌ನ ಲಾಭ ಕೈ ಪಳಗಿದಷ್ಟೂ ಹೆಚ್ಚುತ್ತಾ ಹೋಗುವುದು ಈ ಲೆಕ್ಕದಿಂದಲೇ, ಮತ್ತು ಆರಂಭದಲ್ಲಿ ಹಣವನ್ನು ಪೆಲೆಟ್‌ನ ದರ್ಜೆಗಿಂತ ಪೆಲೆಟ್‌ನ ಸಂಖ್ಯೆಗೆ ಹಾಕಿ ಎಂದು ನಾನು ಒತ್ತಿ ಹೇಳುವುದೂ ಇದೇ ಕಾರಣಕ್ಕೆ.

ಡಬ್ಬಿಯ ಮೇಲಿನ ಅಂಕಿಗಳು

ಹತ್ತು ಮೀಟರ್ ಸ್ಪರ್ಧೆಗೆ ಬಳಸುವ ಪೆಲೆಟ್‌ನ ಮುಂಭಾಗ ಚಪ್ಪಟೆಯಾಗಿರುತ್ತದೆ, ನಡು ಸಣ್ಣಗಾಗಿ ಹಿಂಭಾಗ ಟೊಳ್ಳಾಗಿ ಅರಳಿಕೊಂಡಿರುತ್ತದೆ. ಚಪ್ಪಟೆ ತಲೆ ಕಾಗದದಲ್ಲಿ ಅಂಚು ಹರಿಯದ ದುಂಡು ತೂತನ್ನು ಕೊರೆಯುವುದರಿಂದ ಅಂಕ ಓದಲು ಅನುಕೂಲ. ಹಿಂದಿನ ಟೊಳ್ಳು ಭಾಗ ಗಾಳಿಯ ಒತ್ತಡಕ್ಕೆ ಸ್ವಲ್ಪ ಹಿಗ್ಗಿ ಬ್ಯಾರೆಲ್‌ನ ಸುರುಳಿ ಗೆರೆಗಳಿಗೆ ಒತ್ತಿಕೊಳ್ಳುತ್ತದೆ, ಗಾಳಿ ಸೋರದಂತೆ ತಡೆಯುತ್ತದೆ. ಅದಕ್ಕೇ ಈ ಹಿಂಬದಿಯ ತೆಳುವಾದ ಅಂಚು ಒಂದು ಕಡೆ ಜಜ್ಜಿದ್ದರೂ ಆ ಪೆಲೆಟ್ ನೇರ ಹೋಗುವುದಿಲ್ಲ.

ತೂಕದ ವಿಷಯ. 0.45 ಗ್ರಾಂ ಆಸುಪಾಸಿನವು ಸಾಮಾನ್ಯವಾಗಿ ಪಿಸ್ತೂಲಿಗೆಂದು, 0.53 ಗ್ರಾಂ ಆಸುಪಾಸಿನವು ರೈಫಲ್‌ಗೆಂದು ಮಾರಾಟವಾಗುತ್ತವೆ. ಪಿಸ್ತೂಲಿನ ಶಕ್ತಿ ಕಡಿಮೆ, 0.45 ಗ್ರಾಂ ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 5 ಜೂಲ್. 0.53 ಗ್ರಾಂ ಪೆಲೆಟ್ 170 ಮೀಟರ್ ವೇಗದಲ್ಲಿ ರೈಫಲ್‌ನಿಂದ ಹೊರಟರೆ ಸುಮಾರು 7.7 ಜೂಲ್. ಈ ವಿಂಗಡಣೆ ಕಟ್ಟುನಿಟ್ಟಿನ ನಿಯಮವೇನಲ್ಲ. ಭಾರದ ಪೆಲೆಟ್‌ನಲ್ಲಿ ಚೆನ್ನಾಗಿ ಹೊಡೆಯುವ ಪಿಸ್ತೂಲುಗಳಿವೆ. ಆದರೆ ಒಂದು ತೂಕದಿಂದ ಇನ್ನೊಂದಕ್ಕೆ ಬದಲಾಯಿಸಿದ ದಿನ ಗುರಿಸಾಧನವನ್ನು ಮತ್ತೆ ಹೊಂದಿಸಿಕೊಳ್ಳದೆ ವಿಧಿಯಿಲ್ಲ. ಹತ್ತು ಮೀಟರ್ ದಾಟುವಷ್ಟರಲ್ಲಿ ರೈಫಲ್‌ನಿಂದ ಹೊರಟ ಪೆಲೆಟ್ ಹದಿನೇಳು ಹದಿನೆಂಟು ಮಿಲಿಮೀಟರ್ ಕೆಳಗಿಳಿಯುತ್ತದೆ. ಅದೇ ಶಕ್ತಿಯಲ್ಲಿ 0.45ರ ಬದಲು 0.53 ಗ್ರಾಂ ಹೊಡೆದರೆ ಇಳಿತ ಸುಮಾರು 3 ಮಿ.ಮೀ. ಹೆಚ್ಚಾಗುತ್ತದೆ, ರೈಫಲ್‌ನ ಗುರಿಹಲಗೆಯಲ್ಲಿ ಅದು ಒಂದು ಪೂರ್ತಿ ವಲಯಕ್ಕಿಂತ ಜಾಸ್ತಿ.

ಇದೇ ಲೆಕ್ಕ ಇನ್ನೊಂದು ಶ್ರಮವನ್ನೂ ಉಳಿಸುತ್ತದೆ. ಕೆಲವರು ಚಿನ್ನ ತೂಗುವ ತಕ್ಕಡಿ ತಂದು ಒಂದೊಂದೇ ಪೆಲೆಟ್ ತೂಗಿ ವಿಂಗಡಿಸುತ್ತಾರೆ. ತೂಕದಲ್ಲಿ ಶೇಕಡಾ 1ರ ವ್ಯತ್ಯಾಸವಿದ್ದರೆ ಹತ್ತು ಮೀಟರಿನಲ್ಲಿ ಬೀಳುವ ಜಾಗ ಬದಲಾಗುವುದು 0.17 ಮಿ.ಮೀ. ಮಾತ್ರ. ಆ ಹೊತ್ತನ್ನು ಕಣ್ಣಿನಿಂದ ಪೆಲೆಟ್‌ನ ಅಂಚು ನೋಡಿ ಜಜ್ಜಿದ್ದನ್ನು ತೆಗೆದುಹಾಕಲು ಬಳಸಿದರೆ ಹೆಚ್ಚು ಫಲ ಸಿಗುತ್ತದೆ.

ಇನ್ನು 4.48ರಿಂದ 4.52ರವರೆಗಿನ ಅಂಕಿ ಪೆಲೆಟ್‌ನ ತಲೆಯ ವ್ಯಾಸವನ್ನು ಹೇಳುತ್ತದೆ. ಎರಡು ಬ್ಯಾರೆಲ್‌ಗಳ ಒಳ ಅಳತೆ ಒಂದೇ ಇರುವುದಿಲ್ಲ, ಒಂದೇ ಕಾರ್ಖಾನೆಯ ಒಂದೇ ಮಾದರಿಯಲ್ಲೂ ಇರುವುದಿಲ್ಲ. ತಲೆ ಸಡಿಲವಾದರೆ ಪೆಲೆಟ್ ಬ್ಯಾರೆಲ್‌ನೊಳಗೆ ಓರೆಯಾಗಿ ಕೂರುತ್ತದೆ, ಬಿಗಿಯಾದರೆ ಪ್ರತಿ ಹೊಡೆತದ ವೇಗ ಏರುಪೇರಾಗುತ್ತದೆ. ಯಾವುದು ಸರಿ ಎಂಬುದನ್ನು ಹೊಡೆದೇ ತಿಳಿಯಬೇಕು. ದೊಡ್ಡ ಅಂಕಿ ದೊಡ್ಡ ದರ್ಜೆಯೆಂಬ ತಪ್ಪು ಕಲ್ಪನೆ ಅಂಗಡಿಗಳಲ್ಲೂ ಕೇಳಿಬರುತ್ತದೆ, 4.50 ಎಂಬುದು 4.49ಕ್ಕಿಂತ ಮೇಲೂ ಅಲ್ಲ, ಕೀಳೂ ಅಲ್ಲ.

ಕಾನೂನಿನ ಮಾತು ಚುಟುಕಾಗಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಮೀರದ, 4.5 ಮಿ.ಮೀ. ಅಥವಾ 0.177 ಇಂಚಿನ ಬ್ಯಾರೆಲ್ ಮೀರದ ಏರ್ ಗನ್‌ಗೆ ಪರವಾನಗಿ ಬೇಕಿಲ್ಲ. ಹತ್ತು ಮೀಟರ್ ಸ್ಪರ್ಧೆಯ ಗನ್‌ಗಳೆಲ್ಲ ಈ ಮಿತಿಯೊಳಗೇ ಬರುತ್ತವೆ. 5.5 ಮಿ.ಮೀ. ಪೆಲೆಟ್ ಡಬ್ಬಿಗಳೂ ಅದೇ ಕಪಾಟಿನಲ್ಲಿರಬಹುದು, ಅವು ನಿಮ್ಮ ಗನ್‌ಗೆ ಸೇರಿದವಲ್ಲ.

ಆಯ್ಕೆಗಳು ಒಂದೊಂದಾಗಿ

ದೇಶದಲ್ಲಿ ತಯಾರಾಗುವ ಅಗ್ಗದ ಪೆಲೆಟ್‌ಗಳಿಂದ ಶುರು ಮಾಡೋಣ. ಇವುಗಳ ದೊಡ್ಡ ಗುಣ ಸುಲಭವಾಗಿ ಸಿಗುವುದು. ದೊಡ್ಡ ದೋಷ ಒಂದೇ ಡಬ್ಬಿಯೊಳಗಿನ ಅಸಮಾನತೆ: ತಲೆಯ ವ್ಯಾಸ ಒಂದೊಂದು ಒಂದೊಂದು ಥರ, ಅಚ್ಚಿನ ಅಂಚಿನಲ್ಲಿ ಉಳಿದ ಸೀಸದ ಚೂರುಗಳು, ಡಬ್ಬಿಯ ತಳದಲ್ಲಿ ಬೂದು ಪುಡಿ. ಸ್ಪ್ರಿಂಗ್‌ನ ಬಲದಿಂದ ಗಾಳಿಯನ್ನು ಒತ್ತಿ ಹೊಡೆಯುವ ದೇಶೀ ಸ್ಪ್ರಿಂಗ್ ರೈಫಲ್‌ನಲ್ಲಿ ನಿಲುವು, ಉಸಿರು, ಟ್ರಿಗರ್ ಹಿಡಿತದ ಮೊದಲ ಪಾಠಗಳನ್ನು ಕಲಿಯುವವರಿಗೆ ಇವು ಸಾಕು. ಆದರೆ ಲಕ್ಷಗಟ್ಟಲೆ ಬೆಲೆಯ ಮ್ಯಾಚ್ ರೈಫಲ್‌ಗೆ ಇವನ್ನು ತುಂಬುವುದನ್ನು ನಾನು ಒಪ್ಪುವುದಿಲ್ಲ. ಅಂಕ ಹೋಗುತ್ತದೆ ಎಂಬುದಕ್ಕಿಂತ ಹೆಚ್ಚಾಗಿ, ತಪ್ಪು ತನ್ನದೋ ಪೆಲೆಟ್‌ನದೋ ಎಂದು ಕಲಿಯುವವರಿಗೆ ತಿಳಿಯದಂತಾಗುತ್ತದೆ. ಟ್ರಿಗರ್ ಸರಿಯಾಗಿ ಬಿಟ್ಟಿದ್ದೇನೆ ಎಂದು ಕೈ ಹೇಳುವಾಗ ಗುರಿಹಲಗೆ 8.6 ತೋರಿಸಿದರೆ, ಹುಡುಗಿ ಸರಿಯಾಗಿದ್ದ ಟ್ರಿಗರ್ ಬಿಡುವಿಕೆಯನ್ನೇ ತಿದ್ದಲು ಹೊರಡುತ್ತಾಳೆ. ಈ ನಷ್ಟ ಪೆಲೆಟ್‌ನಲ್ಲಿ ಉಳಿಸಿದ ದುಡ್ಡಿಗಿಂತ ಬಹಳ ದೊಡ್ಡದು.

ನಡುವಣ ದರ್ಜೆಯೇ ಬಹುಪಾಲು ಜನರಿಗೆ ಸರಿಯಾದ ಜಾಗ. ಆರ್‌ಡಬ್ಲ್ಯೂಎಸ್ ಸಂಸ್ಥೆಯ ಬೇಸಿಕ್, ಹಾಬಿ ಮತ್ತು ಮೈಸ್ಟರ್‌ಕೂಗೆಲ್ನ್, ಎಚ್ ಅಂಡ್ ಎನ್ ಸಂಸ್ಥೆಯ ಸ್ಪೋರ್ಟ್, ಚೀನಾದ ಚಿಯಾಂಗ್ ಯುವಾನ್‌ನ ತರಬೇತಿ ದರ್ಜೆ, ಸ್ಪೇನಿನ ಗಾಮೋ ಮ್ಯಾಚ್ ಇವೆಲ್ಲ ಈ ಸಾಲಿನವು, ಆದರೆ ಇವುಗಳೊಳಗೂ ಏಣಿಯಿದೆ. ಬೇಸಿಕ್ ಮತ್ತು ಹಾಬಿ 0.45 ಗ್ರಾಂನ ಹಗುರ ಪೆಲೆಟ್‌ಗಳು, ಪಿಸ್ತೂಲಿನ ದಿನನಿತ್ಯದ ಅಭ್ಯಾಸಕ್ಕೆ ಚೆನ್ನಾಗಿ ಒದಗುತ್ತವೆ. ಮೈಸ್ಟರ್‌ಕೂಗೆಲ್ನ್ 0.45 ಮತ್ತು 0.53 ಎರಡರಲ್ಲೂ ಬರುತ್ತದೆ, ಗುಣದಲ್ಲಿ ಮ್ಯಾಚ್ ದರ್ಜೆಯ ಹತ್ತಿರಕ್ಕೇ ನಿಲ್ಲುತ್ತದೆ. ಜಿಲ್ಲೆ, ರಾಜ್ಯ ಮಟ್ಟದ ಸ್ಪರ್ಧೆಗೆ ತಯಾರಾಗುವ ರೈಫಲ್ ಶೂಟರ್‌ನ ಅಭ್ಯಾಸಕ್ಕೆ ನಾನು ಮೊದಲು ಸೂಚಿಸುವುದು ಇಂಥದ್ದನ್ನೇ. ಗಾಮೋ ಮ್ಯಾಚ್ ಸುಲಭವಾಗಿ ಸಿಗುವುದು ನಿಜ, ಸ್ಪ್ರಿಂಗ್ ರೈಫಲ್‌ಗೆ ಒಳ್ಳೆಯ ಜೊತೆ, ಹೆಸರಿನಲ್ಲಿ ಮ್ಯಾಚ್ ಎಂದಿದ್ದರೂ ಮ್ಯಾಚ್ ರೈಫಲ್‌ನ ಅಗತ್ಯವನ್ನು ಅದು ಪೂರೈಸುವುದಿಲ್ಲ.

ಮೇಲಿನ ದರ್ಜೆಯಲ್ಲಿ ಆರ್‌ಡಬ್ಲ್ಯೂಎಸ್ ಆರ್10 ಮ್ಯಾಚ್, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಚೆಕ್ ದೇಶದ ಜೆಎಸ್‌ಬಿಯ ಮ್ಯಾಚ್ ಸರಣಿ, ಚಿಯಾಂಗ್ ಯುವಾನ್‌ನ ಒಲಿಂಪಿಕ್ ದರ್ಜೆ ಇವೆ. ಇಲ್ಲಿ ನೀವು ಹೆಚ್ಚಿನ ಹಣ ಕೊಡುವುದು ಸಮಾನತೆಗೆ: ಡಬ್ಬಿಯ ಮೊದಲ ಪೆಲೆಟ್‌ಗೂ ಕೊನೆಯ ಪೆಲೆಟ್‌ಗೂ ವ್ಯತ್ಯಾಸ ಕಾಣದಿರುವುದಕ್ಕೆ. ತಲೆಯ ವ್ಯಾಸವನ್ನು ನೂರನೇ ಒಂದು ಮಿಲಿಮೀಟರಿನ ಮೆಟ್ಟಿಲಿನಲ್ಲಿ ಆರಿಸಿಕೊಳ್ಳಬಹುದು, ಲಾಟ್ ಸಂಖ್ಯೆ ಡಬ್ಬಿಯ ಮೇಲಿರುತ್ತದೆ, ಕೆಲವು ಬಗೆಗಳಲ್ಲಿ ಪ್ರತಿ ಪೆಲೆಟ್‌ಗೂ ಪ್ರತ್ಯೇಕ ಗೂಡಿರುತ್ತದೆ. ಈ ನಾಲ್ಕರಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಅರ್ಥವಿಲ್ಲ. ನಿಮ್ಮ ಬ್ಯಾರೆಲ್‌ನಲ್ಲಿ ಆರ್10ರ ಒಂದು ಲಾಟ್ ಚೆನ್ನಾಗಿ ಬಂದು, ಅದೇ ಆರ್10ರ ಇನ್ನೊಂದು ಲಾಟ್ ಸಾಧಾರಣವಾಗಬಹುದು. ಹಾಗಾಗಿ ಪರೀಕ್ಷೆ ಮಾಡುವ ಅನುಕೂಲವಿಲ್ಲದವರು ಈ ದರ್ಜೆಗೆ ದುಡ್ಡು ಸುರಿದರೆ ಅದರ ಅರ್ಧ ಲಾಭವಷ್ಟೇ ದಕ್ಕುತ್ತದೆ.

ಸೀಸವಿಲ್ಲದ ಪೆಲೆಟ್‌ಗಳ ಬಗ್ಗೆ ಪೋಷಕರು ಕೇಳುವುದು ಹೆಚ್ಚು, ಅವರ ಕಾಳಜಿ ಸರಿಯಾದದ್ದೇ. ಇವುಗಳಲ್ಲಿ ಮುಖ್ಯವಾಗಿರುವ ಲೋಹ ತವರ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತವರದ್ದು 7.3, ಆದ್ದರಿಂದ ಅದೇ ಗಾತ್ರದ ಪೆಲೆಟ್ ಬಹಳ ಹಗುರವಾಗುತ್ತದೆ. ಎಚ್ ಅಂಡ್ ಎನ್‌ನ ಮ್ಯಾಚ್ ಗ್ರೀನ್ 0.34 ಗ್ರಾಂ ಅಷ್ಟೇ. ಲೋಹ ಗಡುಸಾದ್ದರಿಂದ ಬ್ಯಾರೆಲ್‌ನ ಗೆರೆಗಳಿಗೆ ಸೀಸದಷ್ಟು ಒಗ್ಗುವುದಿಲ್ಲ, ಗಟ್ಟಿ ಹಿನ್ನೆಲೆಗೆ ಬಡಿದರೆ ಪುಟಿಯುವುದೂ ಹೆಚ್ಚು, ಬೆಲೆಯೂ ಹೆಚ್ಚು. ಸ್ಪ್ರಿಂಗ್ ಗನ್‌ನಲ್ಲಿ ಅತಿ ಹಗುರ ಪೆಲೆಟ್ ಬಳಸಿದರೆ ಮುಂದೆ ಗಾಳಿಯ ಆಸರೆ ಸಾಲದೆ ಪಿಸ್ಟನ್ ಜೋರಾಗಿ ಬಡಿದುಕೊಳ್ಳುತ್ತದೆ. ಗಾಳಿ ಸರಿಯಾಗಿ ಆಡದ ಕೋಣೆಯಲ್ಲಿ ಪುಟ್ಟ ಮಕ್ಕಳು ಅಭ್ಯಾಸ ಮಾಡಬೇಕಾದಾಗ ಇವು ಒಳ್ಳೆಯ ಆಯ್ಕೆ. ಅಂಕಕ್ಕಾಗಿ ಹೊಡೆಯುವ ರೈಫಲ್‌ನಲ್ಲಿ ಸೀಸದ ಮ್ಯಾಚ್ ಪೆಲೆಟ್‌ಗೆ ಇವು ಇನ್ನೂ ಸಾಟಿಯಲ್ಲ ಎಂದೇ ನನ್ನ ತೀರ್ಮಾನ.

ಗುಂಡುತಲೆಯ ಪೆಲೆಟ್‌ಗಳು ಇಪ್ಪತ್ತೈದು ಮೀಟರ್, ಅದಕ್ಕೂ ದೂರದ ಹೊಡೆತಕ್ಕೆ ಚೆನ್ನ, ಹತ್ತು ಮೀಟರಿನಲ್ಲಿ ಕಾಗದದ ತೂತನ್ನು ಹರಿದು ಅಂಕ ಓದಲು ತೊಡಕು ಮಾಡುತ್ತವೆ. ಚೂಪುತಲೆಯವು ನಮಗೆ ಯಾವ ಪ್ರಯೋಜನಕ್ಕೂ ಇಲ್ಲ. ಉಕ್ಕಿನ ಬಿಬಿ ಗುಂಡುಗಳನ್ನು ಸುರುಳಿ ಗೆರೆಯ ಬ್ಯಾರೆಲ್‌ಗೆ ಹಾಕಲೇಬಾರದು: ಗೆರೆಗಳು ಹಾಳಾಗುತ್ತವೆ, ಗುಂಡು ಹಿನ್ನೆಲೆಗೆ ಬಡಿದು ಹೊಡೆದವರ ಕಣ್ಣಿನ ಕಡೆಗೇ ಹಿಂತಿರುಗಬಹುದು. ಒಮ್ಮೆ ಹೊಡೆದ ಪೆಲೆಟ್ ಆರಿಸಿ ಮತ್ತೆ ಹೊಡೆಯುವುದೂ, ನೆಲಕ್ಕೆ ಬಿದ್ದದ್ದನ್ನು ಒರೆಸಿ ತುಂಬುವುದೂ ಬೇಡ. ಬ್ಯಾರೆಲ್‌ನೊಳಗೆ ಹೋದ ಒಂದು ಮರಳಿನ ಕಣ ಡಬ್ಬಿಯ ಬೆಲೆಗಿಂತ ದುಬಾರಿಯಾಗುತ್ತದೆ.

ಬ್ಯಾರೆಲ್‌ನ ಒಪ್ಪಿಗೆ

ಹೊಸ ಮ್ಯಾಚ್ ಗನ್ ಜೊತೆ ಕಾರ್ಖಾನೆಯ ಪರೀಕ್ಷಾ ಕಾರ್ಡ್ ಬರುತ್ತದೆ, ಅದರಲ್ಲಿ ಐದು ಹೊಡೆತಗಳು ಹೆಚ್ಚು ಕಡಿಮೆ ಒಂದೇ ತೂತಾಗಿ ಕಾಣುತ್ತವೆ. ಗನ್‌ನ ಕ್ಷಮತೆಗೆ ಅದು ಸಾಕ್ಷಿ, ನೀವು ಕೊಳ್ಳಲಿರುವ ಡಬ್ಬಿಗೆ ಅಲ್ಲ. ಪರೀಕ್ಷೆಗೆ ಗನ್ ಅನ್ನು ಬಿಗಿಯಾಗಿ ಹಿಡಿದಿಡುವ ವೈಸ್ ಬೇಕು. ಎಲ್ಲ ರೇಂಜ್‌ಗಳಲ್ಲೂ ಅದು ಇರುವುದಿಲ್ಲ, ಇರುವಲ್ಲಿ ತರಬೇತುದಾರರನ್ನು ಕೇಳಿ ಒಂದು ಬೆಳಗಿನ ಹೊತ್ತು ಗೊತ್ತುಮಾಡಿಕೊಳ್ಳಿ. ವೈಸ್ ಇಲ್ಲದಿದ್ದರೆ ಮರಳಿನ ಚೀಲದ ಮೇಲೆ ಗನ್ ಊರಿ ಕೂತು ಹೊಡೆದರೂ ತೀರಾ ಕೆಟ್ಟದ್ದನ್ನು ಬೇರ್ಪಡಿಸಬಹುದು, ಒಳ್ಳೆಯ ಎರಡರ ನಡುವೆ ಆರಿಸಲು ಅದು ಸಾಲದು.

ಬಗೆ ಬದಲಾಯಿಸಿದಾಗಲೆಲ್ಲ ಬ್ಯಾರೆಲ್ ಹೊಸ ಪೆಲೆಟ್‌ನ ಸೀಸಕ್ಕೂ ಜಿಡ್ಡಿಗೂ ಒಗ್ಗಲು ಹತ್ತಿಪ್ಪತ್ತು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಡಿ. ಆನಂತರ ಹತ್ತು ಹತ್ತು ಹೊಡೆತಗಳ ಗುಂಪುಗಳನ್ನು, ಒಂದೊಂದು ಬಗೆಗೆ ಕನಿಷ್ಠ ಮೂರರಂತೆ, ಬೇರೆ ಬೇರೆ ಕಾಗದದ ಮೇಲೆ ಹೊಡೆಯಿರಿ. ಐದು ಹೊಡೆತದ ಒಂದೇ ಗುಂಪನ್ನು ನೋಡಿ ತೀರ್ಮಾನಿಸುವುದು ಬಹಳ ಕಡೆ ನಡೆಯುತ್ತದೆ, ಆದರೆ ಅಷ್ಟರಲ್ಲಿ ಅದೃಷ್ಟದ ಪಾಲೇ ಹೆಚ್ಚು. ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಿರಿ. ಪೆಲೆಟ್‌ನ ವ್ಯಾಸವೇ 4.5 ಮಿ.ಮೀ. ಇರುವುದರಿಂದ ಅದಕ್ಕಿಂತ ಚಿಕ್ಕ ಗುಂಪು ಸಾಧ್ಯವಿಲ್ಲ. ಮ್ಯಾಚ್ ರೈಫಲ್‌ನಲ್ಲಿ 6.5 ಮಿ.ಮೀ. ಒಳಗೆ ಬರುವ ಲಾಟ್ ಸ್ಪರ್ಧೆಗೆ ಯೋಗ್ಯ, 8 ದಾಟುವುದು ಅಭ್ಯಾಸಕ್ಕಷ್ಟೇ. ಪಿಸ್ತೂಲಿನಲ್ಲಿ 8 ಬಂದರೂ ಚಿಂತೆ ಬೇಡ. ಅತಿ ಚಿಕ್ಕ ಗುಂಪಿಗಿಂತಲೂ ಮೂರೂ ಗುಂಪುಗಳು ಒಂದೇ ಗಾತ್ರದವಾಗಿ ಬರುವ ಪೆಲೆಟ್ ಅನ್ನೇ ನಾನು ಆರಿಸುತ್ತೇನೆ. ಎರಡು ಗುಂಪು 5.5, ಮೂರನೆಯದು 8 ಆದರೆ ಸ್ಪರ್ಧೆಯ ದಿನ ಆ ಮೂರನೆಯದು ಯಾವಾಗ ಬರುತ್ತದೋ ಹೇಳಲಾಗದು.

ಸ್ಪ್ರಿಂಗ್ ರೈಫಲ್ ಇರುವವರು ಇಷ್ಟು ದೂರ ಹೋಗಬೇಕಿಲ್ಲ. ಹೆಬ್ಬೆರಳಿನಿಂದ ಒತ್ತಿದಾಗ ಪೆಲೆಟ್ ಹದವಾದ ಒತ್ತಡಕ್ಕೆ ಒಳಗೆ ಕೂರಬೇಕು. ತಾನಾಗಿ ಜಾರಿ ಬಿದ್ದರೆ 4.51 ಅಥವಾ 4.52ರ ಡಬ್ಬಿ ನೋಡಿ. ಪೆಲೆಟ್‌ಗೆ ಎಣ್ಣೆ ಸವರುವ ಅಭ್ಯಾಸವಿದ್ದರೆ ಬಿಡಿ, ಸ್ಪ್ರಿಂಗ್ ಗನ್‌ನ ಒತ್ತಡದಲ್ಲಿ ಎಣ್ಣೆ ಹೊತ್ತಿಕೊಂಡು ವೇಗ ಏರುಪೇರಾಗುತ್ತದೆ, ಸೀಲುಗಳೂ ಕೆಡುತ್ತವೆ.

ಸೀಸದ ಬಗ್ಗೆ

ಇದು ಆಯ್ಕೆಯ ಒಂದು ಮಾನದಂಡವೇ. ಸೀಸಕ್ಕೆ ಇಷ್ಟರವರೆಗೆ ಅಪಾಯವಿಲ್ಲ ಎಂಬ ಮಟ್ಟವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳ ಮೆದುಳಿನ ಬೆಳವಣಿಗೆಗೆ ಅದು ವಿಶೇಷವಾಗಿ ಮಾರಕ. ಏರ್ ಗನ್‌ನಲ್ಲಿ ಸಿಡಿಮದ್ದು ಇಲ್ಲದ ಕಾರಣ ಸೀಸ ಆವಿಯಾಗುವುದಿಲ್ಲ, ಅಪಾಯ ಬರುವುದು ಪುಡಿಯಿಂದ ಮತ್ತು ಕೈಯಿಂದ ಬಾಯಿಗೆ. ಡಬ್ಬಿಯ ತಳದಲ್ಲಿ ಪುಡಿ ಹೆಚ್ಚಿರುವ ಅಗ್ಗದ ಪೆಲೆಟ್‌ಗಿಂತ ಶುಭ್ರವಾದ ಪೆಲೆಟ್ ಈ ದೃಷ್ಟಿಯಿಂದಲೂ ಮೇಲು. ಕೆಲವರು ಪೆಲೆಟ್ ಅನ್ನು ತುಟಿಗಳ ನಡುವೆ ಇಟ್ಟುಕೊಂಡು ತುಂಬುತ್ತಾರೆ. ಮಕ್ಕಳು ಅದನ್ನು ನೋಡಿ ಕಲಿಯುತ್ತಾರೆ, ದಯವಿಟ್ಟು ತಕ್ಷಣ ತಡೆಯಿರಿ. ಅಭ್ಯಾಸ ಮುಗಿದ ಮೇಲೆ ತಣ್ಣೀರು ಮತ್ತು ಸೋಪಿನಲ್ಲಿ ಕೈ ತೊಳೆಯದೆ ಟಿಫಿನ್ ಡಬ್ಬಿ ಮುಟ್ಟಬಾರದು. ಪೆಲೆಟ್ ಬಂದು ಬೀಳುವ ಜಾಗವನ್ನು ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಯಾರಿಗೆ ಯಾವುದು

ಶಾಲೆಯ ಹುಡುಗ ಹುಡುಗಿಯರು ಅಕಾಡೆಮಿಯ ಗನ್‌ನಲ್ಲಿ ಮೊದಲ ವರ್ಷ ಕಲಿಯುತ್ತಿದ್ದರೆ, ಅಕಾಡೆಮಿ ಕೊಡುವುದು ತೀರಾ ಕೀಳು ದರ್ಜೆಯದಲ್ಲದಿದ್ದಲ್ಲಿ ಅದನ್ನೇ ಬಳಸಲಿ. ನೀವೇ ಕೊಡಿಸುವುದಾದರೆ ನಡುವಣ ದರ್ಜೆಯ ಕೆಳ ಮೆಟ್ಟಿಲು ಸಾಕು. ದಿನಕ್ಕೆ ನೂರು ಹೊಡೆತ, ತಿಂಗಳಿಗೆ ಇಪ್ಪತ್ತು ದಿನ ಎಂದರೆ 500ರ ನಾಲ್ಕು ಡಬ್ಬಿಗಳು ಬೇಕಾಗುತ್ತವೆ. ಮೇಲಿನ ದರ್ಜೆ ಕೊಂಡು ಹೊಡೆತಗಳನ್ನು ಮಿತಗೊಳಿಸುವ ಮನೆಗಳನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ವಯಸ್ಸಿನಲ್ಲಿ ಕೈಗೆ ಬೇಕಿರುವುದು ಹೊಡೆತಗಳೇ.

ರೈಫಲ್‌ನಲ್ಲಿ ಅರವತ್ತು ಹೊಡೆತಕ್ಕೆ 600ರ ಕೆಳಗಿರುವವರು, ಅಂದರೆ ಹೊಡೆತಕ್ಕೆ ಸರಾಸರಿ ಹತ್ತು ಮುಟ್ಟದವರು, ಮೈಸ್ಟರ್‌ಕೂಗೆಲ್ನ್ ಮಟ್ಟದಲ್ಲಿ ನಿಂತು ಸ್ಪರ್ಧೆಗೂ ಅದನ್ನೇ ಬಳಸಿದರೆ ಏನೂ ಕಳೆದುಕೊಳ್ಳುವುದಿಲ್ಲ. 600 ದಾಟಿ 610ರ ಕಡೆಗೆ ಹೊರಟವರಿಗೆ ಪರೀಕ್ಷಿಸಿದ ಮೇಲ್ದರ್ಜೆಯ ಲಾಟ್ ಬೇಕು. ಆಗಲೂ ಅಭ್ಯಾಸಕ್ಕೆ ನಡುವಣದ್ದು, ಸ್ಪರ್ಧೆಗೆ ಮೇಲಿನದು ಎಂದು ಎರಡು ಬಗೆ ಇಟ್ಟುಕೊಳ್ಳಬಹುದು. ಆದರೆ ಎರಡೂ ಒಂದೇ ತೂಕದವಾಗಿರಲಿ ಮತ್ತು ಸ್ಪರ್ಧೆಗೆ ಒಂದು ವಾರ ಮೊದಲೇ ಸ್ಪರ್ಧೆಯ ಪೆಲೆಟ್‌ಗೆ ಬದಲಾಯಿಸಿ, ಗುರಿಸಾಧನ ಹೊಂದಿಸಿಕೊಳ್ಳಿ. ಪಿಸ್ತೂಲಿನವರು 565 ಅಂಕದ ಆಸುಪಾಸಿಗೆ ಬರುವವರೆಗೆ ನಡುವಣ ದರ್ಜೆಯಲ್ಲೇ ಧೈರ್ಯವಾಗಿ ಇರಬಹುದು. ಫೈನಲ್‌ಗೆ ಹೋಗುವ ಮಟ್ಟ ತಲುಪಿದ ಮೇಲೆ ಮಾತು ಬೇರೆ: ಪ್ಯಾರಿಸ್‌ನಲ್ಲಿ ಮನು ಭಾಕರ್ ಅವರಿಗೆ ಬೆಳ್ಳಿಯ ಪೈಪೋಟಿ ತಪ್ಪಿದ್ದು 0.1 ಅಂಕದಲ್ಲಿ.

ಮನೆಯಲ್ಲಿ ಸ್ಪ್ರಿಂಗ್ ರೈಫಲ್ ಇಟ್ಟುಕೊಂಡು ಬಿಡುವಿನಲ್ಲಿ ಅಭ್ಯಾಸ ಮಾಡುವ ಹಿರಿಯರಿಗೆ ಗಾಮೋ ಮ್ಯಾಚ್ ಅಥವಾ ಹಾಬಿ ಧಾರಾಳವಾಗಿ ಸಾಕು. ಅಪಾರ್ಟ್‌ಮೆಂಟಿನ ಬಾಲ್ಕನಿ, ತಾರಸಿಗಳಲ್ಲಿ ಯಾವ ಪೆಲೆಟ್ ಆದರೂ ಬೇಡ. ಹಿಂದೆ ಗಟ್ಟಿ ಗೋಡೆ, ಪೆಲೆಟ್ ಹಿಡಿಯುವ ಪೆಟ್ಟಿಗೆ, ಯಾರೂ ಅಡ್ಡ ಬರದ ದಾರಿ ಇರುವಲ್ಲಿ ಮಾತ್ರ ಹೊಡೆಯಬೇಕು.

ಪರೀಕ್ಷೆಯಲ್ಲಿ ಒಂದು ಲಾಟ್ ಒಪ್ಪಿಗೆಯಾದರೆ ಅದೇ ಲಾಟ್ ಸಂಖ್ಯೆಯ ಡಬ್ಬಿಗಳನ್ನು ಒಂದು ಋತುವಿಗೆ ಸಾಕಾಗುವಷ್ಟು ಅಂದೇ ಕಾದಿರಿಸಿ, ಏಕೆಂದರೆ ಇವು ಆಮದಾಗುವ ಸರಕು, ಮುಂದಿನ ತಿಂಗಳು ಅಂಗಡಿಗೆ ಬರುವುದು ಬೇರೆ ಲಾಟ್ ಆಗಿರಬಹುದು. ಒಂಟಿಯಾಗಿ ಅಷ್ಟು ಹಣ ಹೂಡಲಾಗದವರು ಒಂದೇ ರೇಂಜ್‌ನ ಇಬ್ಬರು ಮೂವರು ಸೇರಿ ಪರೀಕ್ಷೆಗೆ ಬೇಕಾದ ಬಗೆಬಗೆಯ ಡಬ್ಬಿಗಳನ್ನು ಹಂಚಿಕೊಂಡು ಕೊಳ್ಳುವುದು ಒಳ್ಳೆಯ ದಾರಿ. ಪರೀಕ್ಷೆಗೆ ಒಬ್ಬೊಬ್ಬರಿಗೆ ಬೇಕಿರುವುದು ಬಗೆಗೆ ಐವತ್ತು ಪೆಲೆಟ್‌ಗಳಷ್ಟೇ. ಕೊಂಡ ಡಬ್ಬಿಗಳನ್ನು ಸ್ಕೂಟರ್‌ನ ಡಿಕ್ಕಿಯಲ್ಲಿ ಹಾಗೇ ಹಾಕಿಕೊಂಡು ನಮ್ಮ ಹಳ್ಳಬಿದ್ದ ರಸ್ತೆಗಳಲ್ಲಿ ಒಯ್ದರೆ ಮೃದುವಾದ ಅಂಚುಗಳು ಒಂದಕ್ಕೊಂದು ಬಡಿದು ಜಜ್ಜಿಹೋಗುತ್ತವೆ; ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ಇಟ್ಟು ಪೆಲೆಟ್‌ಗಳು ಅಲುಗದಂತೆ ಮಾಡಿ, ಡಬ್ಬಿಯನ್ನು ಬೆನ್ನಿನ ಚೀಲದಲ್ಲಿ ಒಯ್ಯಿರಿ. ಮಳೆಗಾಲದ ತೇವದಲ್ಲಿ ಸೀಸದ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಮರದ ಪೆಟ್ಟಿಗೆಯಲ್ಲಿಟ್ಟರೆ ಇನ್ನೂ ಬೇಗ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಪೊಟ್ಟಣದ ಜೊತೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ ಇಡಿ. ಬಿಳಿ ಕಟ್ಟಿದ ಪೆಲೆಟ್ ಕಂಡರೆ ಅದನ್ನು ಒರೆಸಿ ಉಳಿಸಿಕೊಳ್ಳಲು ಹೋಗದೆ ಡಬ್ಬಿಯ ಸಮೇತ ರೇಂಜ್‌ನಲ್ಲಿ ಹಳೆಯ ಸೀಸ ಸಂಗ್ರಹಿಸುವವರಿಗೆ ಕೊಟ್ಟುಬಿಡಿ.